ಪಬ್ಬಿನ ಚಳಿಯೂ ಗಿಟಾರಿನ ಶ್ರುತಿಯೂ

ಇಂಗ್ಲೆಂಡಿನ ಸಣ್ಣ ಪಬ್ಬುಗಳಲ್ಲಿ ಡಿಸೆಂಬರಿನಲ್ಲಿ ನಡೆಯುವ ಅಕೂಸ್ಟಿಕ್ ಕಛೇರಿಯು, ಅಂದರೆ ವಿದ್ಯುತ್ತಿನ ಹಂಗಿಲ್ಲದೆ ವಾದ್ಯದ ಮರದೊಡಲೇ ನಾದ ಹೊಮ್ಮಿಸುವ ಕಛೇರಿಯು, ಸಂಗೀತಶಾಸ್ತ್ರಕ್ಕಿಂತ ಭೌತಶಾಸ್ತ್ರಕ್ಕೇ ಹೆಚ್ಚು ಅಧೀನವಾದದ್ದು. ಯಾರ್ಕ್‌ಷೈರ್‌ನಲ್ಲಿ ಆ ತಿಂಗಳು ಸಂಜೆ 4 ಗಂಟೆಗೆ ಮೊದಲೇ ಹೊತ್ತು ಮುಳುಗುವುದರಿಂದ, ಕಾರಿನ ಡಿಕ್ಕಿಯಲ್ಲಿ ಸೆಟೆದುಕೊಂಡ ಗಿಟಾರು ಕತ್ತಲಲ್ಲೇ ಒಳಬಂದು ಅಗ್ಗಿಷ್ಟಿಕೆಯ ಪಕ್ಕ ನಿಲ್ಲುತ್ತದೆ. ಕೂಡಲೇ ಉಕ್ಕಿನ ತಂತಿಗಳು ಕಾವಿಗೆ ಹಿಗ್ಗಿ ಶ್ರುತಿ ಇಳಿಯುತ್ತದೆ. ಕಲಾವಿದನು ಬಿರಡೆ ತಿರುಗಿಸಿ ಅದನ್ನು ಸರಿಪಡಿಸುವಷ್ಟರಲ್ಲಿ ಯಾರೋ ಸಿಗರೇಟು ಸೇದಲೆಂದು ಬಾಗಿಲು ತೆರೆಯುತ್ತಾರೆ, ಕುಳಿರ್ಗಾಳಿ ನುಗ್ಗುತ್ತದೆ, ತಂತಿ ಬಿಗಿದು ಶ್ರುತಿ ಮೇಲೇರುತ್ತದೆ. 2007ರಲ್ಲಿ ಪಬ್ಬಿನೊಳಗಿನ ಧೂಮಪಾನವನ್ನು ನಿಷೇಧಿಸಿದ ಸರ್ಕಾರವು ಗಾಯಕರ ಗಂಟಲಿಗೆ ಮಾಡಿದ ಉಪಕಾರವನ್ನು ಗಿಟಾರಿನ ಲೆಕ್ಕದಿಂದ ವಸೂಲು ಮಾಡಿಕೊಂಡಿತೆನ್ನಬೇಕು.

ಕಾನೂನಿನ ರಸಿಕತೆಯೂ ಗಮನಾರ್ಹವೇ. 2005ರವರೆಗೆ ಪಬ್ಬಿನಲ್ಲಿ ಇಬ್ಬರು ನುಡಿಸಿದರೆ ಅದು ನಿರಪಾಯಕರ ವಿನೋದವೆಂದೂ, ಮೂರನೆಯವನು ಪಿಟೀಲು ಹಿಡಿದು ಸೇರಿಕೊಂಡರೆ ಪ್ರತ್ಯೇಕ ಪರವಾನಗಿ ಬೇಡುವ ಸಾರ್ವಜನಿಕ ಮನರಂಜನೆಯೆಂದೂ ಪರಿಗಣಿಸಲಾಗುತ್ತಿತ್ತು. 2012ರ ಲೈವ್ ಮ್ಯೂಸಿಕ್ ಕಾಯ್ದೆಯು ಧ್ವನಿವರ್ಧಕವಿಲ್ಲದ ಸಂಗೀತಕ್ಕೆ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಪರವಾನಗಿಯ ಅಗತ್ಯವಿಲ್ಲವೆಂದು ಸಾರಿತು. ಆದರೆ ಕೇಳುಗರು ಕಿವಿಗೊಡಬೇಕೆಂಬ ವಿಧಿಯನ್ನು ಅದರಲ್ಲಿ ಸೇರಿಸಲು ಸಂಸತ್ತಿಗೆ ತೋಚಿದಂತಿಲ್ಲ. ಸಭೆಯು ಅರ್ಧ ಬೆನ್ನು ತಿರುಗಿಸಿ, ಡಾರ್ಟ್ಸ್ ಆಟದ ಹಲಗೆಯತ್ತ ಮುಖ ಮಾಡಿ, ಪ್ರತಿ ಹಾಡಿಗೂ ಗೊತ್ತಿರುವುದನ್ನು ನುಡಿಸೆಂದು ಆಗ್ರಹಿಸುತ್ತದೆ. ಕೊನೆಯ ಸುತ್ತಿನ ಮದ್ಯಕ್ಕೆ ಕರೆಯುವ ಗಂಟೆಯನ್ನು ಮಾಲೀಕನು ಬಾರಿಸಿದಾಗ ಮಾತ್ರ ಅದು ಏಕಚಿತ್ತದಿಂದ ಎದ್ದು ಕೌಂಟರಿನ ಕಡೆಗೆ ಧಾವಿಸುತ್ತದೆ.