ಕಿಟ್ ಬಂದಾಗಿದೆ, ಹುಡುಗ ಬಿಡುವಂತಿಲ್ಲ

ನಮ್ಮ ಕಡೆ ನಿಶ್ಚಯ ಮುರಿದರೂ ಹಾಕಿದ ಉಂಗುರ ವಾಪಸ್ ಬರುತ್ತದೆ. ಹುಡುಗ ಕ್ರಿಕೆಟ್ ಬಿಟ್ಟರೆ ಕಿಟ್ಟಿನ ರೊಕ್ಕ ಬರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಊರು ನಾಲ್ಕು, ಜಗಳ ಒಂದೇ. ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ಕ್ರಿಕೆಟ್ ಅಕಾಡೆಮಿಗಳ ಬೇಸಿಗೆ ಶಿಬಿರದ ಬ್ಯಾನರುಗಳೂ ಏರುತ್ತವೆ. ಬ್ಯಾನರಿನ ತುಂಬ ವಿರಾಟ್ ಕೊಹ್ಲಿ. ಪಾಪ, ಆತನಿಗೆ ಸುದ್ದಿಯೇ ಇಲ್ಲ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ: ಕಿಟ್ ಕಡ್ಡಾಯ, ನಮ್ಮಲ್ಲೇ ಕೊಳ್ಳಬೇಕು, ಹಣ ಮುಂಗಡ.

ಮುಂಗಡ ಯಾಕೆ? ಯಾಕೆಂದರೆ ಮಕ್ಕಳು ಬಿಡುತ್ತಾರೆಂದು ಅಕಾಡೆಮಿಗೆ ಗೊತ್ತು. ಗೊತ್ತಿಲ್ಲದ್ದು ಅಪ್ಪನಿಗೆ ಮಾತ್ರ.

ಮೂರನೇ ವಾರಕ್ಕೆ ಹುಡುಗ ಬರಲಾರೆ ಅನ್ನುತ್ತಾನೆ. ಅಪ್ಪ ಮೈದಾನಕ್ಕೆ ಬರುತ್ತಾನೆ. "ಸರ, ಹುಡುಗ ಬಿಟ್ಟಾನ್ರಿ. ಕಿಟ್ಟರೆ ಇನ್ನೂ ಕೊಟ್ಟೇ ಇಲ್ಲ. ರೊಕ್ಕ ವಾಪಸ್ ಕೊಡ್ರಿ."

"ಕಿಟ್ ಬಂದೈತ್ರಿ ಯಜಮಾನ್ರ. ಜರ್ಸಿ ಮ್ಯಾಲೆ ನಿಮ್ಮ ಹುಡುಗನ ಹೆಸರು ಹೊಡಿಸೀವಿ. ಈಗ ಅದನ್ನ ಯಾರಿಗಿ ಕೊಡೂಣ್ರಿ?"

ಹೆಸರು ಬಸವರಾಜ. ಊರು ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ಊರಲ್ಲಿ ಬಸವರಾಜ ಅಂತ ಬರೆದ ಅಂಗಿಗೆ ಗಿರಾಕಿ ಸಿಗುವುದಿಲ್ಲವಂತೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ಕೂಗಿ ನೋಡಲಿ. ಹತ್ತು ಜನ ತಿರುಗಿ ನೋಡುತ್ತಾರೆ.

ಇನ್ನು ಬ್ಯಾಟು. ಹುಡುಗರ ಬ್ಯಾಟಿಗೆ ಅಳತೆಗಳಿವೆ. ಒಂದರಿಂದ ಆರು, ಆಮೇಲೆ ಹ್ಯಾರೋ, ಆಮೇಲೆ ದೊಡ್ಡವರದು. ಮಗುವಿನ ಎತ್ತರ ನೋಡಿ ಕೊಡಬೇಕು. ನಮ್ಮಲ್ಲಿ ಸ್ಟಾಕ್ ನೋಡಿ ಕೊಡುತ್ತಾರೆ. ನಾಲ್ಕನೇ ಸೈಜು ಬೇಕಾದವನ ಕೈಗೆ ಆರನೇದು. "ಬೆಳೀತಾನ ಬಿಡ್ರಿ." ಬೆಳೆಯುತ್ತಾನೆ, ನಿಜ. ಅಲ್ಲಿಯವರೆಗೆ ಬ್ಯಾಟೇ ಹುಡುಗನನ್ನು ಆಡಿಸುತ್ತದೆ. ರಟ್ಟೆ ನೋಯುತ್ತದೆ, ಚೆಂಡು ಹಿಂದೆ ಹೋಗುತ್ತದೆ, ಉಳಿದವರು ನಗುತ್ತಾರೆ. ಹುಡುಗ ಆಟ ಬಿಡುತ್ತಾನೆ. ಆಗ ಕೋಚ್ ಸಾಹೇಬರ ತೀರ್ಪು: "ಅವಗ ಇಂಟರೆಸ್ಟ್ ಇಲ್ರಿ."

ಎಲ್ಲ ಕೋಚುಗಳೂ ಹೀಗೆಂದು ನಾನು ಹೇಳುತ್ತಿಲ್ಲ. ತಮ್ಮ ಹಳೆ ಪ್ಯಾಡನ್ನೇ ಬಡ ಹುಡುಗನ ಕಾಲಿಗೆ ಕಟ್ಟಿ ಆಡಿಸುವವರೂ ಇದ್ದಾರೆ. ಅವರ ಬಳಿ ಬ್ಯಾನರು ಹಾಕಲು ದುಡ್ಡಿರುವುದಿಲ್ಲ.

ಅಪ್ಪನೂ ಸಾಚಾ ಅಲ್ಲ. ತಿಂಗಳು ಪೂರ್ತಿ ಲೆದರ್ ಬಾಲ್ ಬಡಿಸಿಕೊಂಡ ಬ್ಯಾಟು ತಂದು ಹೊಸದರ ಬೆಲೆ ಕೇಳುತ್ತಾನೆ. ಅಂಚು ಒಡೆದಿದೆ, ಹಿಡಿಕೆಯ ರಬ್ಬರು ಕಿತ್ತಿದೆ. "ಹ್ಯಾಂಗ ಒಯ್ದಿದ್ವಿ ಹಂಗ ಐತಿ ನೋಡ್ರಿ." ನೋಡಿದೆವು.

ಹುಡುಗ ಬಿಟ್ಟದ್ದು ಯಾಕೆಂದು ಕೆದಕಿದರೆ ಇನ್ನೊಂದು ಬಣ್ಣ ಹೊರಬೀಳುತ್ತದೆ. ಎಷ್ಟೋ ಸಲ ಹುಡುಗ ಬಿಟ್ಟೇ ಇರುವುದಿಲ್ಲ, ಬಿಡಿಸಿರುತ್ತಾರೆ. ನವೋದಯ ಪರೀಕ್ಷೆಗೆ ಹಾಕಬೇಕು, ಸೈನಿಕ ಶಾಲೆಗೆ ಹಾಕಬೇಕು, ಮೊರಾರ್ಜಿ ವಸತಿ ಶಾಲೆಯಾದರೂ ಸಿಗಬೇಕು. ವಿಜಯಪುರದಲ್ಲಿ ಕೋಚಿಂಗ್ ಅಂದರೆ ಮೊದಲು ನೆನಪಾಗುವುದು ಬ್ಯಾಟಲ್ಲ, ಗೈಡು. ಮಗನನ್ನು ಮೇ ತಿಂಗಳಲ್ಲಿ ಕೊಹ್ಲಿ ಮಾಡಲು ಹೊರಟವನೇ ಜೂನಿನಲ್ಲಿ ಕಲೆಕ್ಟರ್ ಮಾಡಲು ಹೊರಡುತ್ತಾನೆ. ಮಗುವನ್ನು ಎರಡೂ ಸಲ ಕೇಳಿಲ್ಲ.

ಮಕ್ಕಳು ಆಟ ಬದಲಿಸುವುದು ಅಪರಾಧವೇ? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅವರು ಬೇರೆ ಆಟಗಳನ್ನು ಆಡಿ, ತಡವಾಗಿ ಕ್ರಿಕೆಟ್ಟಿಗೆ ಬಂದವರು. ಆಗ ಯಾರಾದರೂ "ಹಳೇ ಆಟದ ಕಿಟ್ಟಿನ ಬಾಕಿ ಐತಿ" ಎಂದು ಕಾಲು ಹಿಡಿದಿದ್ದರೆ?

ಕಾನೂನು ಇದೆಯೇ? ಇದೆ. ಬೇಕಾದ್ದಕ್ಕಿಂತ ಚೆನ್ನಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡದಿರುವುದೂ ಅನುಚಿತವೇ. ಗಮನಿಸಿ, ದೋಷವಿರುವ ಮಾಲು. ಮಗನ ಮನಸ್ಸು ಬದಲಾದದ್ದು ಬ್ಯಾಟಿನ ದೋಷವಲ್ಲ. ಆದರೆ ಕೊಡದೇ ಇರುವ ಕಿಟ್ಟಿಗೆ ದುಡ್ಡು ಇಟ್ಟುಕೊಳ್ಳುವುದು ಯಾವ ಆಟದ ನಿಯಮ?

ರಸೀದಿಯಂತೂ ಕೇಳಬೇಡಿ. ರೊಕ್ಕ ಹೋದದ್ದು ಫೋನ್ ಪೇನಲ್ಲಿ, ಕೋಚ್ ಸಾಹೇಬರ ಸ್ವಂತ ನಂಬರಿಗೆ. ಅಪ್ಪ ಬರೆದದ್ದು ಒಂದೇ ಶಬ್ದ: "ಕಿಟ್."

ಇಲ್ಲಿ ಇನ್ನೊಂದು ಚೋದ್ಯ. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ತೀರ್ಪು ಕೊಟ್ಟಿತು. ಶಾಲೆ, ಕಾಲೇಜುಗಳು ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ. ಅವು ನಡೆಸುವ ಪ್ರವಾಸ, ಈಜು, ಆಟೋಟವೂ ಒಳಪಡುವುದಿಲ್ಲ. ಕೋಚಿಂಗ್ ಸಂಸ್ಥೆಗಳು ಮಾತ್ರ ಒಳಪಡುತ್ತವೆ. ಅಂದರೆ ಅದೇ ಬ್ಯಾಟು, ಅದೇ ಹುಡುಗ, ಅದೇ ಮೈದಾನ. ಬೆಳಿಗ್ಗೆ ಆರಕ್ಕೆ ಅಕಾಡೆಮಿಯ ಹೆಸರಲ್ಲಿ ಆಡಿದರೆ ನೀವು ಗ್ರಾಹಕರು. ಹತ್ತಕ್ಕೆ ಶಾಲೆಯ ಹೆಸರಲ್ಲಿ ಆಡಿದರೆ ನೀವು ಯಾರೂ ಅಲ್ಲ. ದುಡ್ಡು ಕೇಳಲು ಬಂದಾಗ ಶಾಲೆ, ಅಡ್ಮಿಷನ್ ಮಾಡಿಸಲು ಬಂದಾಗ ಅಕಾಡೆಮಿ. ಬೋರ್ಡು ತಿರುಗಿಸಲು ಎಷ್ಟು ಹೊತ್ತು?

ದೂರು ಕೊಡುವುದೇನೋ ಸುಲಭ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೇ ಇಲ್ಲ, 2 ವರ್ಷದ ಒಳಗೆ ಕೊಟ್ಟರಾಯಿತು, ವಕೀಲರೂ ಬೇಕಿಲ್ಲ. ಸಹಾಯವಾಣಿ 1915. ಜಿಲ್ಲಾ ಆಯೋಗ ಇರುವುದು ವಿಜಯಪುರದಲ್ಲಿ. ಮುದ್ದೇಬಿಹಾಳದಿಂದ ಸುಮಾರು 80 ಕಿಲೋಮೀಟರ್. ನಾಲ್ಕು ತಾರೀಖಿಗೆ ಓಡಾಡಿದರೆ ಬಸ್ ಚಾರ್ಜು, ಊಟ, ಕೂಲಿ ಎಲ್ಲ ಸೇರಿ ಪ್ಯಾಡಿನ ದುಡ್ಡು ದಾಟುತ್ತದೆ. ಅಕಾಡೆಮಿಯವರಿಗೂ ಈ ಲೆಕ್ಕ ಬರುತ್ತದೆ. ಅವರ ಧೈರ್ಯದ ಮೂಲವೇ ಈ ದಾರಿಖರ್ಚು.

ಸರ್ಕಾರದ ಉದಾರತೆಯನ್ನೂ ಮರೆಯಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ: ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಅಗತ್ಯ ಆಟದ ಸಾಮಾನು ಕೊಡಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ಅನುದಾನವೂ ಇದೆ. ಒಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ. ಶಾಲೆಯ ಎಲ್ಲ ಮಕ್ಕಳೂ ಅಷ್ಟರಲ್ಲೇ ಆಡಬೇಕು. ಅಕಾಡೆಮಿಯ ಒಬ್ಬನೇ ಹುಡುಗನ ಕಿಟ್ ಬ್ಯಾಗು ಅಷ್ಟಕ್ಕೆ ತುಂಬುವುದಿಲ್ಲ. ಸರ್ಕಾರ ಕೈ ಬಿಟ್ಟ ಜಾಗದಲ್ಲೇ ಬ್ಯಾನರಿನ ಕಂಬ ನೆಟ್ಟಿದ್ದಾರೆ.

ಮೈದಾನದ ಮಾತು ಬಿಡಿ. ತಾಲ್ಲೂಕು ಕ್ರೀಡಾಂಗಣ ಆಗಸ್ಟ್ 15ಕ್ಕೆ ಶಾಮಿಯಾನಕ್ಕೆ, ಚುನಾವಣೆಗೆ ಭಾಷಣಕ್ಕೆ. ರಾಜ್ಯಕ್ಕೆ ಸೈಕಲ್ ಸವಾರರನ್ನು ಕೊಟ್ಟ ಜಿಲ್ಲೆ ನಮ್ಮದು. ಅವರಿಗೊಂದು ವೆಲೊಡ್ರೋಮ್, ಅಂದರೆ ಸೈಕಲ್ ಓಟದ ಟ್ರ್ಯಾಕು, ಕಟ್ಟುವ ಕೆಲಸವನ್ನೇ ವರ್ಷಗಟ್ಟಲೆ ಎಳೆದವರು ನಾವು. ಹುಡುಗರು ಲಾರಿಗಳ ನಡುವೆ ಪೆಡಲ್ ತುಳಿದು ಪದಕ ತಂದರು.

ಅಂದಹಾಗೆ, ಸಿಂದಗಿಯ ಒಬ್ಬ ಅಪ್ಪ ಜಗಳಾಡಿ ಅರ್ಧ ರೊಕ್ಕ ವಸೂಲಿ ಮಾಡಿದನಂತೆ. ಮೈದಾನದಲ್ಲೇ ನಿಂತು, ನಾಲ್ಕು ಜನರನ್ನು ಸೇರಿಸಿ, ಗ್ರಾಹಕನ ಹಕ್ಕು ಅಂದರೇನೆಂದು ಕೋಚಿಗೆ ಪಾಠ ಮಾಡಿದನಂತೆ. ಶಹಬ್ಬಾಸ್. ಮರುದಿನ ಅದೇ ರೊಕ್ಕ ಹಿಡಿದು ಮಗನನ್ನು ನವೋದಯ ಕೋಚಿಂಗಿಗೆ ಸೇರಿಸಿದ. ಕೌಂಟರಿನ ಮೇಲೆ ಬೋರ್ಡು ಇತ್ತು: ಕಟ್ಟಿದ ಫೀಸು ಯಾವ ಕಾರಣಕ್ಕೂ ವಾಪಸ್ ಇಲ್ಲ. ಅದರ ಕೆಳಗೇ ನಿಂತು ಸಹಿ ಹಾಕಿದ. ರಸೀದಿ ಕೇಳಲಿಲ್ಲ.