ಭಾವನ ಎಲಿಪ್ಟಿಕಲ್
ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಒತ್ತಿ, ಅಲ್ಲಾಡಿಸಿ ನೋಡದೆ ಬೆಲೆ ಕಟ್ಟದ ನಮ್ಮ ಭಾವ, ಎಲಿಪ್ಟಿಕಲ್ ಟ್ರೇನರ್ ಎಂಬ ವ್ಯಾಯಾಮ ಯಂತ್ರವನ್ನು ಮಾತ್ರ ಮೊಬೈಲಿನ ಚಿತ್ರ ನೋಡಿಯೇ ಮೆಚ್ಚಿಬಿಟ್ಟರು. ಬಜೆಟ್ಟು 15,000.

“ಭಾವ, ಹೆಜ್ಜೆಯ ಉದ್ದ ಎಷ್ಟಿಂಚು ಅಂತ ಕೇಳಿದ್ರಾ?”

ಅಗ್ಗದ್ದರಲ್ಲಿ ಸಾಮಾನ್ಯವಾಗಿ ಅದೇ ಗಿಡ್ಡ. ಆರಡಿ ಆಳು ಗುಬ್ಬಿಯಂತೆ ಕುಪ್ಪಳಿಸಬೇಕು. ಫ್ಲೈವೀಲ್ ಹಗುರವಾದರೆ ತುಳಿತ ಜರ್ಕು ಹೊಡೆಯುತ್ತದೆ. ಪೆಡಲ್ ಹತ್ತಿದಾಗ ತಲೆ ಫ್ಯಾನಿಗೆ ತಾಗದಿರುವುದೂ ಮುಖ್ಯ, ಆಯುಷ್ಯದ ದೃಷ್ಟಿಯಿಂದ. ಯಂತ್ರ ತಾಳುವ ತೂಕವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಭಾವ ತಮ್ಮ ತೂಕವನ್ನು ಅದಕ್ಕಿಂತ ಸಣ್ಣ ದನಿಯಲ್ಲಿ ಹೇಳಿದರು.

ಅಕ್ಕ ಒಳಗಿನಿಂದಲೇ ಕೂಗಿದಳು: “ರೀ, ಸುಲ್ತಾನ್‌ಪೇಟೆಯಿಂದ ನಂದಿಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. 1,478 ಮೀಟರ್ ಎತ್ತರದ ಬೆಟ್ಟ. ಹತ್ತಿ ಇಳೀರಿ, ಡೆಲಿವರಿ ಚಾರ್ಜೂ ಇಲ್ಲ!”

“ಬೆಟ್ಟಕ್ಕೆ ಇಎಂಐ ಕೊಡಲ್ವಲ್ಲೇ!” ಎಂದರು ಭಾವ.