ಎಕ್ಸಲೆಂಟ್ ಒತ್ತಿ, ಇಂಟರ್ನಲ್ಸ್ ಉಳಿಸಿಕೊಳ್ಳಿ

ಸೆಮಿಸ್ಟರಿನ ಕೊನೆಯ ವಾರ. ಪಾಠ ಮುಗಿದಿದೆ, ಅಂದರೆ ನಿಂತಿದೆ. ಆಗ ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿಗೆ ಮೇಷ್ಟ್ರ ಪಾಠದ ಬಗ್ಗೆ ಫೀಡ್‌ಬ್ಯಾಕ್ ಕೇಳುವ ಗೂಗಲ್ ಫಾರ್ಮ್ ಬಂದು ಬೀಳುತ್ತದೆ. ಇವತ್ತೇ ತುಂಬಬೇಕು, ಕಡ್ಡಾಯ. ಮನಸ್ಸು ಬಿಚ್ಚಿ ಬರೆಯಬೇಕಂತೆ. ರಿಜಿಸ್ಟರ್ ನಂಬರ್ ಸಮೇತ.

ಬಿ.ಎಡ್. ಪುಸ್ತಕಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನ ಅಂತ ಒಂದು ಅಧ್ಯಾಯ ಇದೆ. ಪಾಠ ನಡೆಯುತ್ತಿರುವಾಗಲೇ ಕೇಳು: ಏನು ತಿಳಿಯಿತು, ಎಲ್ಲಿ ತೊಡಕಾಯಿತು? ಉತ್ತರ ನೋಡಿ ನಾಳೆಯ ಪಾಠ ತಿದ್ದಿಕೊ. ಇದಕ್ಕೆ ಪೋರ್ಟಲ್ಲೂ ಬೇಡ, ಕಮಿಟಿಯೂ ಬೇಡ. ಹೆಸರಿಲ್ಲದ ಒಂದು ಚೀಟಿ ಸಾಕು. ಕಷ್ಟ ಏನೆಂದರೆ, ಚೀಟಿ ಓದಿದ ಮೇಲೆ ಮೇಷ್ಟ್ರು ಬದಲಾಗಬೇಕು. ಫಾರ್ಮಿನಲ್ಲಿ ಆ ಕಾಟವಿಲ್ಲ. ಬದಲಾಗುವುದು ಪೈ ಚಾರ್ಟಿನ ಬಣ್ಣ ಮಾತ್ರ.

ಫಾರ್ಮು ಕಾಲೇಜಿನದ್ದೊಂದೇ ಅಲ್ಲ. ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ಕಾಲೇಜುಗಳನ್ನು ಅಳೆಯುವ ನ್ಯಾಕ್ 2017ರಲ್ಲಿ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆ ತಂದು, ಅದಕ್ಕೆ ಅಂಕವನ್ನೂ ಇಟ್ಟಿತು. ಪ್ರಶ್ನೆಗಳೇನೂ ಕೆಟ್ಟವಲ್ಲ. ಸಿಲಬಸ್ ಎಷ್ಟು ಮುಗಿಸಿದರು? ಅಸೈನ್‌ಮೆಂಟ್ ಹೇಗೆ ಬರೆದಿದ್ದೀರಿ ಅಂತ ನಿಮ್ಮ ಜೊತೆ ಚರ್ಚಿಸಿದರೇ? ಇಂಟರ್ನಲ್ ಮೌಲ್ಯಮಾಪನ ನ್ಯಾಯವಾಗಿತ್ತೇ?

ಕೊನೆಯದನ್ನು ಇನ್ನೊಮ್ಮೆ ಓದಿ. ಇಂಟರ್ನಲ್ಸ್ ಇನ್ನೂ ಮೇಷ್ಟ್ರ ಕೈಯಲ್ಲಿದೆ. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ. ಅನ್ಯಾಯವಾಗಿತ್ತು ಅಂತ ಒತ್ತುವ ಧೀರ ಯಾರು?

ಸಮೀಕ್ಷೆಯ ಮೇಲ್ ನ್ಯಾಕ್‌ನಿಂದಲೇ ನೇರವಾಗಿ ವಿದ್ಯಾರ್ಥಿಗೆ ಬಂದರೂ ನಮ್ಮವರು ಕೈಕಟ್ಟಿ ಕೂರುವವರಲ್ಲ. ಪ್ರಶ್ನೆಗಳು ಮೊದಲೇ ಬಹಿರಂಗ. ಸೆಮಿನಾರ್ ಹಾಲಿಗೆ ಕರೆದು ತಾಲೀಮು ಕೊಡುತ್ತಾರೆ. ‘ಕಾಲೇಜಿನ ಮರ್ಯಾದೆ ಪ್ರಶ್ನೆ ಕಣ್ರೋ, ನೋಡ್ಕೊಂಡು ಒತ್ತಿ.’ ವರ್ಷವಿಡೀ ಯಾವ ಪಾಠವನ್ನೂ ಇಷ್ಟು ಮುತುವರ್ಜಿಯಿಂದ ಹೇಳಿಕೊಟ್ಟದ್ದಿಲ್ಲ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ನೇಮಕವಾದ ಅತಿಥಿ ಉಪನ್ಯಾಸಕರಿಗೂ ಸಿಲಬಸ್ ಪೂರ್ತಿ ಮುಗಿಸಿದ ಕೀರ್ತಿ ಸಿಗುತ್ತದೆ. ಅವರಿಗೆ ಸಂಬಳ ಸಿಗುವುದು ಬೇರೆ ವಿಚಾರ.

ಎಲ್ಲ ಕಾಲೇಜಲ್ಲೂ ಒಬ್ಬಳಾದರೂ ಹಟಮಾರಿ ಇರುತ್ತಾಳೆ. ಸಲಹೆಯ ಜಾಗದಲ್ಲಿ ಬರೆದೇಬಿಡುತ್ತಾಳೆ: ಸರ್ ನೋಟ್ಸ್ ಓದಿ ಹೇಳ್ತಾರೆ ಅಷ್ಟೆ, ಅರ್ಥ ಆಗಲ್ಲ. ಕಮಿಟಿ ಸೇರುತ್ತದೆ, ಚಹಾ ಬರುತ್ತದೆ, ಕೈಗೊಂಡ ಕ್ರಮದ ವರದಿ ಸಿದ್ಧವಾಗುತ್ತದೆ. ಕ್ರಮ: ಸ್ಮಾರ್ಟ್ ಬೋರ್ಡ್ ಖರೀದಿ. ಈಗ ಸರ್ ಅದೇ ನೋಟ್ಸನ್ನು ಸ್ಮಾರ್ಟ್ ಬೋರ್ಡಿನ ಮೇಲೆ ಹಾಕಿ ಓದುತ್ತಾರೆ.

ಅಷ್ಟರಲ್ಲಿ ಹುಡುಗಿ ಡಿಗ್ರಿ ಮುಗಿಸಿ ಹೋಗಿದ್ದಾಳೆ. ಮೊನ್ನೆ ಅವಳಿಗೆ ಕಾಲೇಜಿನಿಂದ ಮತ್ತೊಂದು ಲಿಂಕ್ ಹೋಗಿದೆ. ಹಳೆ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಫಾರ್ಮ್. ಅದಕ್ಕೂ ಅಂಕ ಉಂಟು.